ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್: ಪರದೆ ಕಪ್ಪಾಗದಂತೆ, ಕಪ್ಪಾದರೂ ಕೆಲಸ ನಿಲ್ಲದಂತೆ

ಕಾಸರಗೋಡಿನ ಶಾಲೆಗಳ ಕಂಪ್ಯೂಟರ್ ಲ್ಯಾಬುಗಳಲ್ಲಿ ಕೇರಳ ಸರಕಾರದ ಕೈಟ್ ಸಂಸ್ಥೆ ಒದಗಿಸುವ, ಉಬುಂಟು ಆಧಾರಿತ ಲಿನಕ್ಸ್ ಇದೆ. ಹಾಗಾಗಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹೈಸ್ಕೂಲು ಮಕ್ಕಳಿರುವ ಮನೆಗಳಿಗೆ ಲಿನಕ್ಸ್ ಹೊಸತಲ್ಲ. ಶಾಲೆಯಲ್ಲಿ ಕಲಿತದ್ದನ್ನೇ ಮನೆಯ ಲ್ಯಾಪ್‌ಟಾಪಿಗೂ ಹಾಕಿಕೊಂಡವರಿದ್ದಾರೆ. ಡಿಟಿಪಿ ಅಂಗಡಿಗಳಲ್ಲಿ, ಯಕ್ಷಗಾನವನ್ನು ನೇರ ಪ್ರಸಾರ ಮಾಡುವವರ ಎಡಿಟಿಂಗ್ ಕೋಣೆಗಳಲ್ಲಿ ಎನ್ವಿಡಿಯಾ ಕಾರ್ಡು ಹಾಕಿದ ಲಿನಕ್ಸ್ ಯಂತ್ರಗಳೂ ಇವೆ. ಇಂಥ ಯಂತ್ರಗಳಲ್ಲಿ ಬೇರೆಲ್ಲ ಅಪ್‌ಡೇಟುಗಳೂ ಸದ್ದಿಲ್ಲದೆ ಮುಗಿಯುತ್ತವೆ. ಜನ ಹೆದರುವುದು ಗ್ರಾಫಿಕ್ಸ್ ಡ್ರೈವರಿಗೆ (ಪರದೆಯ ಮೇಲೆ ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ತಂತ್ರಾಂಶ), ಏಕೆಂದರೆ ಅದು ಕೆಟ್ಟರೆ ಏನು ಕೆಟ್ಟಿದೆ ಎಂದು ತೋರಿಸಬೇಕಾದ ಪರದೆಯೇ ಇರುವುದಿಲ್ಲ.

ಹೆದರಬೇಕಾಗಿಲ್ಲ. ಡ್ರೈವರನ್ನು ನಿಮ್ಮ ಡಿಸ್ಟ್ರೋದ (ಉಬುಂಟು, ಮಿಂಟ್ ಇಂಥ ಲಿನಕ್ಸ್ ರೂಪಗಳು) ಪ್ಯಾಕೇಜ್ ವ್ಯವಸ್ಥೆಯ ಮೂಲಕವೇ ತರಿಸಿ, ಮತ್ತು ಹಿಂದಕ್ಕೆ ಬರುವ ದಾರಿಯನ್ನು ಅಪ್‌ಡೇಟಿಗೆ ಮೊದಲೇ ಸಿದ್ಧಮಾಡಿ. ಈ ಎರಡನ್ನು ಪಾಲಿಸಿದರೆ ಕೆಟ್ಟದ್ದನ್ನು ಅರ್ಧ ಗಂಟೆಯೊಳಗೆ ಸರಿಪಡಿಸಬಹುದು.

ಇಲ್ಲಿ ಆಜ್ಞೆಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ. ಹೆಸರಿನ ಅರ್ಧ ಟೈಪಿಸಿ ಟ್ಯಾಬ್ ಕೀಲಿ ಒತ್ತಿದರೆ ಉಳಿದ ಅರ್ಧ ತಾನೇ ಬರುತ್ತದೆ, ಕಾಗುಣಿತದ ತಪ್ಪು ತಪ್ಪಿಸಲು ಅದೇ ಒಳ್ಳೆಯ ಉಪಾಯ. ಶಾಲೆಗೆ ಸೇರಿದ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದನ್ನೆಲ್ಲ ಮಾಡಬೇಡಿ. ಅದನ್ನು ಶಾಲೆಯ ಐಟಿ ಸಂಯೋಜಕರಿಗೆ ಬಿಡಿ.

ನಿಮ್ಮ ಯಂತ್ರದಲ್ಲಿರುವುದು ಯಾವುದು?

ಮೊದಲು ಕಾರ್ಡ್ ಯಾವುದೆಂದು ನೋಡಿ. ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ -ಕೆ’ ಎಂದು ಕೊಡಿ. ಬರುವ ಉದ್ದ ಪಟ್ಟಿಯಲ್ಲಿ ‘ವಿಜಿಎ’ ಅಥವಾ ‘3ಡಿ ಕಂಟ್ರೋಲರ್’ ಎಂದಿರುವ ಸಾಲನ್ನು ಹುಡುಕಿ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬಲ್ಲಿ ಈಗ ಓಡುತ್ತಿರುವ ಡ್ರೈವರಿನ ಹೆಸರಿದೆ. ಇಂಟೆಲ್ ಆದರೆ ‘ಐ915’, ಹೊಸ ಚಿಪ್ಪುಗಳಲ್ಲಿ ‘ಎಕ್ಸ್‌ಇ’. ಎಎಂಡಿ ಆದರೆ ‘ಎಎಂಡಿಜಿಪಿಯು’, ಬಹಳ ಹಳೆಯದಾದರೆ ‘ರೇಡಿಯಾನ್’. ಎನ್ವಿಡಿಯಾ ಆದರೆ ‘ಎನ್ವಿಡಿಯಾ’ ಅಥವಾ ‘ನೂವೋ’. ಲ್ಯಾಪ್‌ಟಾಪಿನಲ್ಲಿ ಇಂಥ ಎರಡು ಸಾಲು ಕಂಡರೆ ಅದು ಎರಡು ಗ್ರಾಫಿಕ್ಸ್ ಇರುವ ಹೈಬ್ರಿಡ್ ಯಂತ್ರ.

ಇಂಟೆಲ್ ಅಥವಾ ಎಎಂಡಿ ಮಾತ್ರ ಇದ್ದರೆ ನಿಮ್ಮ ಕೆಲಸ ಬಹುಮಟ್ಟಿಗೆ ಮುಗಿಯಿತು. ಈ ಎರಡಕ್ಕೂ ‘ಡ್ರೈವರ್’ ಎಂಬ ಒಂದೇ ಫೈಲು ಇಲ್ಲ. ಅದು ಮೂರು ತುಂಡಾಗಿ ಬರುತ್ತದೆ: ಲಿನಕ್ಸಿನ ತಿರುಳಾದ ಕರ್ನಲ್‌ನೊಳಗಿನ ಮಾಡ್ಯೂಲ್, ಚಿಪ್ಪಿಗೆ ತುಂಬಿಸುವ ಫರ್ಮ್‌ವೇರ್ (ಇದು ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜಿನಲ್ಲಿದೆ), ಮತ್ತು ಓಪನ್‌ಜಿಎಲ್, ವಲ್ಕನ್ ಕೆಲಸಗಳನ್ನು (ಚಿತ್ರ ಬಿಡಿಸುವ ಕೆಲಸ) ಮಾಡುವ ಮೆಸಾ. ಮೂರೂ ಸಾಮಾನ್ಯ ಅಪ್‌ಡೇಟಿನಲ್ಲೇ ಬರುತ್ತವೆ. ‘ಸುಡೊ ಆಪ್ಟ್ ಅಪ್‌ಡೇಟ್’, ಆಮೇಲೆ ‘ಸುಡೊ ಆಪ್ಟ್ ಫುಲ್-ಅಪ್‌ಗ್ರೇಡ್’, ನಂತರ ರೀಬೂಟ್, ಅಷ್ಟೆ. ವಿಂಡೋಸ್ ಅಭ್ಯಾಸದಲ್ಲಿ ಕಂಪನಿಯ ವೆಬ್‌ಸೈಟಿಗೆ ಹೋಗಿ ಡೌನ್‌ಲೋಡ್ ಹುಡುಕುವುದು ಇಲ್ಲಿ ಬೇಡವೇ ಬೇಡ.

ಇವುಗಳಲ್ಲಿ ತೊಂದರೆ ಬರುವುದು ಮೂರು ತುಂಡುಗಳ ವಯಸ್ಸು ಹೊಂದಿಕೊಳ್ಳದಾಗ. ಹೊಸ ಎಎಂಡಿ ಕಾರ್ಡು ತಂದು, ಕರ್ನಲ್ ಮಾತ್ರ ಹೊಸತು ಹಾಕಿ, ಫರ್ಮ್‌ವೇರ್ ಹಳೆಯದನ್ನೇ ಉಳಿಸಿಕೊಂಡರೆ ಬೂಟ್ ಆಗುವಾಗ ಪರದೆ ಕಪ್ಪಾಗಿ ನಿಲ್ಲುತ್ತದೆ. ‘ಸುಡೊ ಡಿಮೆಸ್ಗ್’ ಕೊಟ್ಟಾಗ ಎಎಂಡಿಜಿಪಿಯು ಫರ್ಮ್‌ವೇರ್ ಲೋಡ್ ವಿಫಲ, ಎರರ್ -2 ಎಂಬ ಸಾಲು ಕಂಡರೆ ಕಾರಣ ಇದೇ: ಬೇಕಾದ ಫೈಲು ಡಿಸ್ಕಿನಲ್ಲಿಲ್ಲ. ಫರ್ಮ್‌ವೇರ್ ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಸರಿಯಾಗುತ್ತದೆ. ಹಳೆಯ ಇಂಟೆಲ್ ಲ್ಯಾಪ್‌ಟಾಪುಗಳವರು ಇನ್ನೊಂದು ವಿಷಯ ತಿಳಿದಿರಬೇಕು. 2022ರಲ್ಲಿ ಬಂದ ಮೆಸಾ 22.0 ಆವೃತ್ತಿ ಹಳೆಯ ‘ಐ965’ ಡ್ರೈವರನ್ನು ಕೈಬಿಟ್ಟಿತು. ಆ ಚಿಪ್ಪುಗಳಿಗೆ ಈಗ ‘ಕ್ರೋಕಸ್’ ಎಂಬ ಡ್ರೈವರಿದೆ. ಅದು ತಾನಾಗಿಯೇ ಬರುತ್ತದೆ, ಹೆಸರು ಬದಲಾಯಿತೆಂದು ಗಾಬರಿ ಬೇಡ.

ಎನ್ವಿಡಿಯಾ: ಕಾರ್ಡಿನ ತಲೆಮಾರು ನೋಡದೆ ಕೈ ಹಾಕಬೇಡಿ

ಈ ಬರಹದ ಹೆಚ್ಚಿನ ಭಾಗ ಎನ್ವಿಡಿಯಾಕ್ಕೇ ಮೀಸಲು, ಏಕೆಂದರೆ ಕೆಡುವುದು ಹೆಚ್ಚಾಗಿ ಅದೇ. ಎಲ್‌ಎಸ್‌ಪಿಸಿಐ ಸಾಲಿನಲ್ಲಿ ಚಿಪ್ಪಿನ ಗುಪ್ತನಾಮ ಇರುತ್ತದೆ, ಮೊದಲ ಎರಡು ಅಕ್ಷರಗಳೇ ತಲೆಮಾರನ್ನು ಹೇಳುತ್ತವೆ. ಜಿಎಫ್ ಎಂದಿದ್ದರೆ ಫರ್ಮಿ, ಜಿಕೆ ಕೆಪ್ಲರ್, ಜಿಎಂ ಮ್ಯಾಕ್ಸ್‌ವೆಲ್, ಜಿಪಿ ಪ್ಯಾಸ್ಕಲ್, ಟಿಯು ಟ್ಯೂರಿಂಗ್, ಜಿಎ ಆಂಪಿಯರ್, ಎಡಿ ಏಡಾ, ಜಿಬಿ ಬ್ಲ್ಯಾಕ್‌ವೆಲ್.

ಫರ್ಮಿ ಕಾರ್ಡುಗಳಿಗೆ ಕೊನೆಯ ಡ್ರೈವರ್ ಸರಣಿ 390. ಅದರ ಬೆಂಬಲ 2022ರ ಕೊನೆಗೆ ನಿಂತಿತು. ಕೆಪ್ಲರಿಗೆ ಕೊನೆಯದು 470, ಅದೂ 2024ರಲ್ಲಿ ನಿಂತಿದೆ. ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್‌ಗೆ, ಅಂದರೆ ಜಿಟಿಎಕ್ಸ್ 900 ಮತ್ತು 1000 ಸರಣಿಗಳಿಗೆ, 580 ಕೊನೆಯದು. ಟ್ಯೂರಿಂಗ್ ಮತ್ತು ಅದರ ನಂತರದ ಕಾರ್ಡುಗಳು, ಅಂದರೆ ಜಿಟಿಎಕ್ಸ್ 16 ಮತ್ತು ಆರ್‌ಟಿಎಕ್ಸ್ ಹೆಸರಿನವು, ಹೊಸ ಸರಣಿಗಳಲ್ಲೂ ಓಡುತ್ತವೆ.

ಡಿಟಿಪಿ ಅಂಗಡಿಯವರು ಇಲ್ಲಿ ವಿಶೇಷ ಗಮನ ಕೊಡಬೇಕು. ಕಡಿಮೆ ಬೆಲೆಗೆ ಸಿಗುತ್ತದೆಂದು ತಂದ ಜಿಟಿ 710 ಕೆಪ್ಲರ್ ಕಾರ್ಡು. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಫರ್ಮಿಯೂ ಬಂದಿದೆ, ಕೆಪ್ಲರೂ ಬಂದಿದೆ. ಡಬ್ಬಿಯ ಮೇಲಿನ ಹೆಸರು ನಂಬದೆ ಗುಪ್ತನಾಮವನ್ನೇ ನೋಡಿ: ಜಿಎಫ್108 ಆದರೆ ಫರ್ಮಿ, ಜಿಕೆ208 ಆದರೆ ಕೆಪ್ಲರ್. ಇವಕ್ಕೆ ಹೊಸ ಡ್ರೈವರ್ ಹಾಕಿದರೆ ಪ್ಯಾಕೇಜ್ ಯಾವ ತಕರಾರೂ ಇಲ್ಲದೆ ಕೂರುತ್ತದೆ, ಆದರೆ ರೀಬೂಟ್ ಆದಮೇಲೆ ಕಾರ್ಡನ್ನು ಗುರುತಿಸುವುದಿಲ್ಲ. ಇಷ್ಟು ಹಳೆಯ ಕಾರ್ಡಿನಲ್ಲಿ ಪತ್ರ, ಕರಪತ್ರ, ಆಮಂತ್ರಣ ಪತ್ರಿಕೆಯ ಕೆಲಸವಷ್ಟೇ ಇದ್ದರೆ, ಕರ್ನಲ್‌ನೊಂದಿಗೇ ಬರುವ ಮುಕ್ತ ‘ನೂವೋ’ ಡ್ರೈವರಿನಲ್ಲೇ ಇರುವುದು ಜಾಣತನ. ಹೊಸ ಕರ್ನಲ್ ಬಂದಾಗಲೆಲ್ಲ ಹಳೆಯ 470 ಬಿಲ್ಡ್ ಆಗದೆ (ಆ ಕರ್ನಲಿಗೆ ತಕ್ಕಂತೆ ಕಟ್ಟಲಾಗದೆ) ಕೈಕೊಡುವ ತಲೆನೋವು ಅದರಲ್ಲಿಲ್ಲ.

ಉಬುಂಟು ಪಟ್ಟಿಯಲ್ಲಿ ಒಂದೇ ಸಂಖ್ಯೆಗೆ ಮೂರು ಹೆಸರು ಕಾಣಬಹುದು: ಬರಿಯ ‘ಎನ್ವಿಡಿಯಾ-ಡ್ರೈವರ್-580’, ಅದಕ್ಕೆ ‘-ಓಪನ್’ ಸೇರಿದ್ದು, ‘-ಸರ್ವರ್’ ಸೇರಿದ್ದು. ಸರ್ವರ್ ಎಂಬುದು ಸರ್ವರ್ ಯಂತ್ರಗಳಿಗೆ, ಮನೆಯ ಯಂತ್ರಕ್ಕೆ ಬೇಡ. ಓಪನ್ ಎಂದರೆ ಕರ್ನಲ್ ಮಾಡ್ಯೂಲಿನ ಮುಕ್ತ ಆಕರ ರೂಪ. ಅದು ಟ್ಯೂರಿಂಗ್ ಮತ್ತು ನಂತರದ ಚಿಪ್ಪುಗಳಿಗೆ ಮಾತ್ರ. ಆರ್‌ಟಿಎಕ್ಸ್ 50 ಸರಣಿಗೆ ಓಪನ್ ಒಂದೇ ಗತಿ, ಬೇರೆಯದು ಓಡುವುದಿಲ್ಲ. ಜಿಟಿಎಕ್ಸ್ 1050 ಇರುವವರು ಓಪನ್ ಆರಿಸಿದರೆ ಪರದೆ ಬರುವುದಿಲ್ಲ. ‘ಉಬುಂಟು-ಡ್ರೈವರ್ಸ್ ಡಿವೈಸಸ್’ ಎಂದು ಕೊಟ್ಟರೆ ನಿಮ್ಮ ಕಾರ್ಡಿಗೆ ಹೊಂದುವವುಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ರೆಕಮೆಂಡೆಡ್’ ಎಂದಿರುವುದನ್ನು ಬಿಟ್ಟು ಬೇರೆಯದು ಆರಿಸಲು ನಿಮ್ಮಲ್ಲಿ ಸ್ಪಷ್ಟ ಕಾರಣ ಇರಬೇಕು.

ಈಗ ಅಪ್‌ಡೇಟ್ ಬೇಕೇ?

ಎಲ್ಲ ಸರಿಯಾಗಿ ಓಡುತ್ತಿದ್ದರೆ ದೊಡ್ಡ ಸಂಖ್ಯೆಯ ಸರಣಿಗೆ ಹಾರುವ ಅಗತ್ಯ ಇಲ್ಲ. 570ರಿಂದ 580ಕ್ಕೆ ಹೋಗುವುದು ಒಂದು ನಿರ್ಧಾರ. 580ರೊಳಗೆ ಬರುವ ಸಣ್ಣ ತಿದ್ದುಪಡಿ ಬೇರೆ, ಅದರಲ್ಲಿ ಭದ್ರತಾ ದೋಷಗಳ ಪರಿಹಾರ ಇರುತ್ತದೆ, ಅದನ್ನು ತಡೆಯಬಾರದು. ಸರಣಿ ಬದಲಿಸಲು ಒಳ್ಳೆಯ ಕಾರಣಗಳು ಕೆಲವೇ: ಹೊಸ ಕಾರ್ಡು ತಂದಿದ್ದೀರಿ, ಈಗಿನ ಸರಣಿಯ ಬೆಂಬಲ ಮುಗಿದಿದೆ, ನಿಮ್ಮ ಎಡಿಟಿಂಗ್ ತಂತ್ರಾಂಶ ಇಂತಿಷ್ಟೇ ಆವೃತ್ತಿ ಬೇಕೆನ್ನುತ್ತಿದೆ, ಅಥವಾ ಓಬಿಎಸ್‌ನ (ನೇರ ಪ್ರಸಾರದ ತಂತ್ರಾಂಶ) ಹೊಸ ಆವೃತ್ತಿ ಎನ್ವೆಂಕ್‌ಗೆ (ಕಾರ್ಡಿನಲ್ಲೇ ವಿಡಿಯೋ ಎನ್‌ಕೋಡ್ ಮಾಡುವ ಭಾಗ) ಈಗಿನ ಡ್ರೈವರ್ ಸಾಲದೆನ್ನುತ್ತಿದೆ.

ಇನ್ನೊಂದು ಮಾತು. ಯಕ್ಷಗಾನದ ಆಟ ನಡೆಯುವ ದಿನ, ಅಂದರೆ ರಾತ್ರಿ ನೇರ ಪ್ರಸಾರ ಇರುವ ದಿನ, ಮಧ್ಯಾಹ್ನ ಡ್ರೈವರ್ ಮುಟ್ಟಬೇಡಿ. ಮುಂದಿನ ಎರಡು ದಿನ ಯಂತ್ರ ಬೇಡದ ಸಮಯ ನೋಡಿ. ಮತ್ತೆ, ವಿಡಿಯೋ ರೆಂಡರ್ ಮಾಡುವಾಗ ಹತ್ತು ನಿಮಿಷಕ್ಕೆ ಯಂತ್ರ ನಿಲ್ಲುತ್ತಿದ್ದರೆ ಡ್ರೈವರನ್ನು ದೂರುವ ಮೊದಲು ಫ್ಯಾನು ತೆಗೆದು ನೋಡಿ. ಕರಾವಳಿಯ ಜಿಡ್ಡು ಗಾಳಿಯಲ್ಲಿ ಧೂಳು ಫಿನ್ನುಗಳಿಗೆ ಅಂಟಿ ಗಟ್ಟಿಯಾಗುತ್ತದೆ. ಬಿಸಿಯಿಂದ ನಿಲ್ಲುವ ಕಾರ್ಡಿಗೆ ಯಾವ ಡ್ರೈವರೂ ಮದ್ದಲ್ಲ. ‘ಎನ್ವಿಡಿಯಾ-ಎಸ್‌ಎಂಐ’ ಕೊಟ್ಟರೆ ತಾಪಮಾನ ಕಾಣುತ್ತದೆ.

ಹಿಂದಕ್ಕೆ ಬರುವ ದಾರಿ

ಟೈಮ್‌ಶಿಫ್ಟ್ ಎಂಬ ತಂತ್ರಾಂಶ ಹಾಕಿ (ಮಿಂಟ್‌ನಲ್ಲಿ ಅದು ಮೊದಲೇ ಇದೆ), ಒಂದು ಸ್ನ್ಯಾಪ್‌ಶಾಟ್ (ಸಿಸ್ಟಂನ ಈಗಿನ ಸ್ಥಿತಿಯ ನಕಲು) ತೆಗೆಯಿರಿ. ಆರ್‌ಸಿಂಕ್ ವಿಧಾನದಲ್ಲಿ ಮೊದಲ ಸ್ನ್ಯಾಪ್‌ಶಾಟಿಗೆ ಸಿಸ್ಟಂ ಎಷ್ಟು ದೊಡ್ಡದೋ ಸುಮಾರು ಅಷ್ಟೇ ಜಾಗ ಬೇಕು, ಮುಂದಿನವು ಬದಲಾದಷ್ಟನ್ನೇ ತಿನ್ನುತ್ತವೆ. ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕುವುದಾದರೆ ಆ ಭಾಗ (ಪಾರ್ಟಿಷನ್) ಎಕ್ಸ್‌ಟಿ4ನಂಥ ಲಿನಕ್ಸ್ ಫೈಲ್ ವ್ಯವಸ್ಥೆಯದ್ದಾಗಿರಬೇಕು. ಪೆನ್‌ಡ್ರೈವಿನ ಫ್ಯಾಟ್ ಅಥವಾ ವಿಂಡೋಸಿನ ಎನ್‌ಟಿಎಫ್‌ಎಸ್ ಆಗುವುದಿಲ್ಲ. ಟೈಮ್‌ಶಿಫ್ಟ್ ಸಹಜವಾಗಿ ನಿಮ್ಮ ಹೋಮ್ ಫೋಲ್ಡರನ್ನು ಉಳಿಸುವುದಿಲ್ಲ. ಫೋಟೋ, ವಿಡಿಯೋ, ಪ್ರಾಜೆಕ್ಟ್ ಫೈಲುಗಳ ನಕಲು ಬೇರೆಯಾಗಿ ಇಟ್ಟುಕೊಳ್ಳಿ.

ಬೂಟ್ ಭಾಗದಲ್ಲಿ ಜಾಗ ಇದೆಯೇ ನೋಡಿ: ‘ಡಿಎಫ್ -ಎಚ್ /ಬೂಟ್’. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಇನ್‌ಸ್ಟಾಲ್ ಮಾಡಿದವರಲ್ಲಿ ಬೂಟ್ ಪ್ರತ್ಯೇಕ ಚಿಕ್ಕ ಭಾಗವಾಗಿರುತ್ತದೆ. ಅದು ತುಂಬಿದ್ದರೆ ಬೂಟ್ ಆಗಲು ಬೇಕಾದ ಹೊಸ ಇನಿಟ್‌ರಾಮ್‌ಎಫ್‌ಎಸ್ ಫೈಲು ಅರ್ಧದಲ್ಲಿ ನಿಂತು, ಮುಂದಿನ ಬಾರಿ ಯಂತ್ರ ಏಳುವುದಿಲ್ಲ. ‘ಸುಡೊ ಆಪ್ಟ್ ಆಟೋರಿಮೂವ್’ ಬಳಸದ ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ. ಆದರೆ ಇದನ್ನು ಅಪ್‌ಡೇಟಿಗೆ ಮೊದಲು ಮಾಡಿ. ಅಪ್‌ಡೇಟ್ ಆದ ಕೂಡಲೇ, ಹೊಸತು ಸರಿ ಓಡುತ್ತದೋ ನೋಡುವ ಮೊದಲೇ, ಮಾಡಬೇಡಿ. ಹಳೆಯ ಕರ್ನಲ್ ಒಂದಾದರೂ ಉಳಿದಿರಲಿ. ಈಗಿನದು ಯಾವುದೆಂದು ‘ಯುನೇಮ್ -ಆರ್’ ಹೇಳುತ್ತದೆ, ಅದನ್ನು ಕಾಗದದಲ್ಲಿ ಬರೆದಿಡಿ. ಪರದೆ ಕಪ್ಪಾದಾಗ ಕಂಪ್ಯೂಟರಿನೊಳಗೆ ಬರೆದಿಟ್ಟ ಟಿಪ್ಪಣಿ ಸಿಗುವುದಿಲ್ಲ.

ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ಬೂಟ್ ವೇಳೆ ತಡೆಯುವ ವ್ಯವಸ್ಥೆ) ಚಾಲೂ ಇದೆಯೇ ಎಂದು ‘ಮೊಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ತಿಳಿಸುತ್ತದೆ. ಇದು ಏಕೆ ಬೇಕೆಂಬುದು ಮುಂದೆ ಬರುತ್ತದೆ.

ಮಳೆಗಾಲ, ಕರೆಂಟು, ಡೇಟಾ

ನಮ್ಮ ಕಡೆ ಜೂನ್, ಜುಲೈಯಲ್ಲಿ ಕಂಗು, ತೆಂಗಿನ ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಡ್ರೈವರ್ ಇನ್‌ಸ್ಟಾಲ್ ನಡುವೆ ಕರೆಂಟು ಹೋದರೆ ಪ್ಯಾಕೇಜುಗಳು ಅರೆಬರೆ ಬಿಚ್ಚಿಕೊಂಡ ಸ್ಥಿತಿಯಲ್ಲಿ ಉಳಿಯುತ್ತವೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ, ಚಾರ್ಜರೂ ಹಾಕಿರಲಿ. ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕು. ಮನೆಯ ಇನ್ವರ್ಟರನ್ನೇ ನಂಬಿದ್ದರೆ ಅದರ ಹಿಂದಿನ ಸ್ವಿಚ್ಚು ‘ಯುಪಿಎಸ್ ಮೋಡ್’ನಲ್ಲಿದೆಯೇ ನೋಡಿ. ಇನ್ನೊಂದು ಮೋಡಿನಲ್ಲಿ ಇನ್ವರ್ಟರಿಗೆ ಬದಲಾಗಲು ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಿಬಿಡುತ್ತದೆ. ಗುಡುಗು ಸಿಡಿಲಿನ ಸಂಜೆ ಈ ಕೆಲಸವೇ ಬೇಡ.

ಡೌನ್‌ಲೋಡನ್ನೂ ಇನ್‌ಸ್ಟಾಲನ್ನೂ ಬೇರೆ ಮಾಡಬಹುದು, ಇದು ಹಳ್ಳಿ ಮನೆಗಳಿಗೆ ಬಹಳ ಉಪಯೋಗದ್ದು. ಎನ್ವಿಡಿಯಾ ಡ್ರೈವರ್ ಮತ್ತು ಅದರ ಜೊತೆಗಾರ ಪ್ಯಾಕೇಜುಗಳು ಸೇರಿ ಕೆಲವು ನೂರು ಎಂಬಿ ಆಗುತ್ತವೆ. ಮೊಬೈಲ್ ಹಾಟ್‌ಸ್ಪಾಟಿನ ದಿನದ ಡೇಟಾ ನಡುವೆಯೇ ಮುಗಿಯಬಹುದು. ‘ಸುಡೊ ಆಪ್ಟ್ ಇನ್‌ಸ್ಟಾಲ್ -ಡಿ’ ಎಂದು ಬರೆದು ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ ಅದು ಬರೇ ಇಳಿಸಿಕೊಳ್ಳುತ್ತದೆ, ಏನನ್ನೂ ಬದಲಿಸುವುದಿಲ್ಲ. ಇಳಿದದ್ದು ಡಿಸ್ಕಿನಲ್ಲಿ ಕಾದಿರುತ್ತದೆ. ಕರೆಂಟು ನೆಟ್ಟಗಿರುವ ಒಂದು ಹೊತ್ತಿನಲ್ಲಿ ‘-ಡಿ’ ಬಿಟ್ಟು ಅದೇ ಆಜ್ಞೆ ಕೊಟ್ಟರೆ ನೆಟ್ ಇಲ್ಲದೆಯೂ ಇನ್‌ಸ್ಟಾಲ್ ಮುಗಿಯುತ್ತದೆ.

ಅಪ್‌ಡೇಟ್ ಮಾಡುವುದು

ಉಬುಂಟುವಿನಲ್ಲಿ ‘ಸಾಫ್ಟ್‌ವೇರ್ ಆಂಡ್ ಅಪ್‌ಡೇಟ್ಸ್’ ತೆರೆದು ‘ಅಡಿಷನಲ್ ಡ್ರೈವರ್ಸ್’ ಎಂಬ ಟ್ಯಾಬಿಗೆ ಹೋಗಿ. ಮಿಂಟ್‌ನಲ್ಲಿ ಇದು ‘ಡ್ರೈವರ್ ಮ್ಯಾನೇಜರ್’. ಬೇಕಾದದ್ದನ್ನು ಆರಿಸಿ, ‘ಅಪ್ಲೈ ಚೇಂಜಸ್’ ಒತ್ತಿ, ಮುಗಿಯುವವರೆಗೆ ಕಾದು ರೀಬೂಟ್ ಮಾಡಿ.

ಟರ್ಮಿನಲ್ ದಾರಿಯಲ್ಲಿ ಒಂದು ಲಾಭ ಇದೆ, ಏನಾಗಲಿದೆ ಎಂದು ಮೊದಲೇ ನೋಡಬಹುದು. ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’ ಕೊಡಿ. ಬಾಕಿ ಉಳಿದ ಕರ್ನಲ್ ಅಪ್‌ಡೇಟ್ ಇದ್ದರೆ ಅದನ್ನು ಮುಗಿಸಿ, ರೀಬೂಟ್ ಮಾಡಿ, ಆಮೇಲೆ ಡ್ರೈವರಿಗೆ ಬನ್ನಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ನಂತರ ‘ಆಪ್ಟ್ ಇನ್‌ಸ್ಟಾಲ್ -ಎಸ್ ಎನ್ವಿಡಿಯಾ-ಡ್ರೈವರ್-580’ ಎಂದು ಕೊಡಿ (ಸಂಖ್ಯೆ ನಿಮ್ಮ ಕಾರ್ಡಿಗೆ ತಕ್ಕಂತೆ). ‘-ಎಸ್’ ಎಂದರೆ ನಟನೆ ಮಾತ್ರ. ಬರುವ ಉತ್ತರದಲ್ಲಿ ‘ರಿಮೂವ್ಡ್’ ಎಂಬ ತಲೆಬರಹದ ಕೆಳಗಿನ ಪಟ್ಟಿಯನ್ನು ಒಂದೊಂದಾಗಿ ಓದಿ. ಹಳೆಯ ಎನ್ವಿಡಿಯಾ ಪ್ಯಾಕೇಜುಗಳು ಅಲ್ಲಿರುವುದು ಸಹಜ. ‘ಉಬುಂಟು-ಡೆಸ್ಕ್‌ಟಾಪ್’, ‘ಗ್ನೋಮ್-ಶೆಲ್’ ಅಥವಾ ‘ಎಕ್ಸ್‌ಆರ್ಗ್’ ಎಂಬ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ. ಯಾವುದೋ ಹೊರಗಿನ ಪಿಪಿಎ (ಉಬುಂಟುವಿನದಲ್ಲದ ಪ್ಯಾಕೇಜ್ ಭಂಡಾರ) ಗೊಂದಲ ಮಾಡಿದೆ ಎಂದರ್ಥ. ಮುಂದುವರಿದರೆ ಡೆಸ್ಕ್‌ಟಾಪೇ ಹೋಗುತ್ತದೆ.

ಪಟ್ಟಿ ಸರಿಯಿದ್ದರೆ ‘-ಎಸ್’ ತೆಗೆದು, ಆರಂಭದಲ್ಲಿ ಸುಡೊ ಸೇರಿಸಿ ಓಡಿಸಿ. ಯಾವ ಸಂಖ್ಯೆ ಎಂಬ ಯೋಚನೆಯೇ ಬೇಡವೆನ್ನುವವರಿಗೆ ‘ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್’ ಸಾಕು.

ಸೆಕ್ಯೂರ್ ಬೂಟ್ ಚಾಲೂ ಇದ್ದಾಗ, ಯಂತ್ರದಲ್ಲೇ ಬಿಲ್ಡ್ ಆಗುವ ಮಾಡ್ಯೂಲ್ ಇದ್ದರೆ ನಡುವೆ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ಇದು ನಿಮ್ಮ ಲಾಗಿನ್ ಪಾಸ್‌ವರ್ಡ್ ಅಲ್ಲ, ಒಂದೇ ಬಾರಿ ಬಳಸುವಂಥದ್ದು. ರೀಬೂಟ್ ಆದಾಗ ನೀಲಿ ಪರದೆಯೊಂದು ಬರುತ್ತದೆ. ಬಹಳ ಜನ ಇದನ್ನು ದೋಷವೆಂದು ತಿಳಿದು ಸುಮ್ಮನೆ ಮುಂದೆ ಹೋಗಲು ಬಿಡುತ್ತಾರೆ, ಕೆಲವೇ ಸೆಕೆಂಡಿಗೆ ಅದು ತಾನೇ ಮಾಯವೂ ಆಗುತ್ತದೆ. ಆಮೇಲೆ ಡ್ರೈವರ್ ಲೋಡ್ ಆಗುವುದಿಲ್ಲ. ನೀಲಿ ಪರದೆ ಬಂದ ಕೂಡಲೇ ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಮೊಕ್’, ‘ಕಂಟಿನ್ಯೂ’, ‘ಯೆಸ್’ ಆರಿಸಿ, ಇಟ್ಟ ಪಾಸ್‌ವರ್ಡ್ ಕೊಟ್ಟು ‘ರೀಬೂಟ್’ ಒತ್ತಿ. ತಪ್ಪಿಹೋದರೆ ‘ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ’ ಕೊಟ್ಟು ಮತ್ತೊಮ್ಮೆ ಮಾಡಬಹುದು. ಉಬುಂಟು ತಾನೇ ಸಹಿ ಹಾಕಿ ಕೊಡುವ ಸಿದ್ಧ ಮಾಡ್ಯೂಲುಗಳು (‘ಲಿನಕ್ಸ್-ಮಾಡ್ಯೂಲ್ಸ್-ಎನ್ವಿಡಿಯಾ’ ಎಂದು ಶುರುವಾಗುವವು) ಬಂದರೆ ಈ ನೀಲಿ ಪರದೆಯ ಗೊಡವೆಯೇ ಇಲ್ಲ.

ಎನ್ವಿಡಿಯಾ ವೆಬ್‌ಸೈಟಿನಲ್ಲಿ ಸಿಗುವ ‘.ರನ್’ ಫೈಲಿನ ಬಗ್ಗೆ ಒಂದೇ ಮಾತು: ಬೇಡ. ಅದು ಪ್ಯಾಕೇಜ್ ವ್ಯವಸ್ಥೆಗೆ ಹೇಳದೆ ಕೇಳದೆ ಲೈಬ್ರರಿಗಳನ್ನು ಬದಲಿಸುತ್ತದೆ. ಮುಂದಿನ ಕರ್ನಲ್ ಅಥವಾ ಮೆಸಾ ಅಪ್‌ಡೇಟಿನಲ್ಲಿ ಎರಡೂ ಒಂದನ್ನೊಂದು ತುಳಿಯುತ್ತವೆ. ಈಗಾಗಲೇ ಹಾಕಿದ್ದರೆ ಮೊದಲು ‘ಸುಡೊ ಎನ್ವಿಡಿಯಾ-ಅನ್‌ಇನ್‌ಸ್ಟಾಲ್’ ಕೊಟ್ಟು ತೆಗೆದು, ಆಮೇಲೆ ಮೇಲಿನ ದಾರಿ ಹಿಡಿಯಿರಿ.

ಬೇರೆ ಡಿಸ್ಟ್ರೋಗಳವರಿಗೆ ಚುಟುಕಾಗಿ. ಡೆಬಿಯನ್ 12ರಿಂದ ಫರ್ಮ್‌ವೇರಿಗೆ ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಪ್ರತ್ಯೇಕ ವಿಭಾಗ ಇದೆ. ಎನ್ವಿಡಿಯಾ ಡ್ರೈವರಿಗೆ ‘ಕಾಂಟ್ರಿಬ್’ ಮತ್ತು ‘ನಾನ್-ಫ್ರೀ’ ಸೇರಿಸಬೇಕು, ಯಾವುದು ಹೊಂದುತ್ತದೆಂದು ‘ಎನ್ವಿಡಿಯಾ-ಡಿಟೆಕ್ಟ್’ ಹೇಳುತ್ತದೆ. ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್ ಎಂಬ ಪ್ಯಾಕೇಜ್ ಭಂಡಾರ ಸೇರಿಸಿ ‘ಎಕೆಮೋಡ್-ಎನ್ವಿಡಿಯಾ’ ಹಾಕಿ. ಪ್ಯಾಕೇಜ್ ಕೂತ ತಕ್ಷಣ ರೀಬೂಟ್ ಮಾಡಬೇಡಿ, ಹಿಂದೆ ಮಾಡ್ಯೂಲ್ ಬಿಲ್ಡ್ ಆಗುತ್ತಿರುತ್ತದೆ. ಸುಮಾರು ಐದು ನಿಮಿಷ ಬಿಟ್ಟು ‘ಮಾಡ್‌ಇನ್ಫೊ -ಎಫ್ ವರ್ಷನ್ ಎನ್ವಿಡಿಯಾ’ (ಎಫ್ ದೊಡ್ಡಕ್ಷರ) ಕೊಟ್ಟಾಗ ಸಂಖ್ಯೆ ಬಂದರೆ ಮಾತ್ರ ರೀಬೂಟ್. ಆರ್ಚ್‌ನಲ್ಲಿ ಯಾವಾಗಲೂ ಪೂರ್ತಿ ‘ಪ್ಯಾಕ್‌ಮನ್ -ಎಸ್‌ವೈಯು’ ಮಾಡಿ (ಎಸ್ ದೊಡ್ಡಕ್ಷರ), ಒಂದೇ ಪ್ಯಾಕೇಜನ್ನು ಮೇಲಕ್ಕೆಳೆಯಬೇಡಿ. ದೀರ್ಘಕಾಲ ಬೆಂಬಲವಿರುವ ಎಲ್‌ಟಿಎಸ್ ಕರ್ನಲನ್ನು ಜೊತೆಗೆ ಇಟ್ಟುಕೊಳ್ಳಿ.

ಸರಿಯಾಯಿತೇ ಎಂದು ನೋಡುವುದು

ಡೆಸ್ಕ್‌ಟಾಪ್ ಬಂತೆಂದ ಮಾತ್ರಕ್ಕೆ ಡ್ರೈವರ್ ಓಡುತ್ತಿದೆ ಎಂದಲ್ಲ. ‘ಮೆಸಾ-ಯುಟಿಲ್ಸ್’ ಪ್ಯಾಕೇಜ್ ಹಾಕಿ ‘ಜಿಎಲ್‌ಎಕ್ಸ್‌ಇನ್ಫೊ -ಬಿ’ ಕೊಡಿ (ಬಿ ದೊಡ್ಡಕ್ಷರ). ‘ರೆಂಡರರ್’ ಸಾಲಿನಲ್ಲಿ ನಿಮ್ಮ ಕಾರ್ಡಿನ ಹೆಸರಿರಬೇಕು. ಅಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಕಾರ್ಡು ಸುಮ್ಮನೆ ಕೂತಿದೆ, ಎಲ್ಲವನ್ನೂ ಪ್ರೊಸೆಸರೇ ಬಿಡಿಸುತ್ತಿದೆ. ವಿಡಿಯೋ ತಡವರಿಸುವುದು, ಫ್ಯಾನು ಸದಾ ಓಡುವುದು ಇದರಿಂದಲೇ.

ಎನ್ವಿಡಿಯಾದಲ್ಲಿ ‘ಎನ್ವಿಡಿಯಾ-ಎಸ್‌ಎಂಐ’ ಕೊಟ್ಟಾಗ ಆವೃತ್ತಿಯ ಕೋಷ್ಟಕ ಬರಬೇಕು. ‘ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್’ ಎಂದು ಬಂದರೆ ಹೆದರಬೇಡಿ: ಡಿಸ್ಕಿನಲ್ಲಿ ಹೊಸ ಲೈಬ್ರರಿ ಇದೆ, ನೆನಪಿನಲ್ಲಿ ಹಳೆಯ ಮಾಡ್ಯೂಲೇ ಓಡುತ್ತಿದೆ. ರೀಬೂಟ್ ಮಾಡಿದರೆ ಹೋಗುತ್ತದೆ. ತಾನಾಗಿಯೇ ಅಪ್‌ಡೇಟ್ ಆಗುವ ವ್ಯವಸ್ಥೆ ಹಗಲು ಹೊತ್ತು ಡ್ರೈವರ್ ಬದಲಿಸಿದಾಗ ಈ ಸಂದೇಶ ಥಟ್ಟನೆ ಕಾಣುವುದುಂಟು. ಅದೇ ಕೋಷ್ಟಕದ ಮೇಲ್ಗಡೆ ಕಾಣುವ ಕುಡಾ (ಲೆಕ್ಕದ ಕೆಲಸಗಳಿಗೆ ಕಾರ್ಡನ್ನು ಬಳಸುವ ಎನ್ವಿಡಿಯಾ ವ್ಯವಸ್ಥೆ) ಸಂಖ್ಯೆ, ಈ ಡ್ರೈವರ್ ಗರಿಷ್ಠ ಯಾವ ಕುಡಾವನ್ನು ಓಡಿಸಬಲ್ಲದು ಎಂಬುದು. ಕುಡಾ ಇನ್‌ಸ್ಟಾಲ್ ಆಗಿದೆ ಎಂದು ಅದರ ಅರ್ಥವಲ್ಲ.

ಹೈಬ್ರಿಡ್ ಲ್ಯಾಪ್‌ಟಾಪಿನಲ್ಲಿ ರೆಂಡರರ್ ಇಂಟೆಲ್ ಎಂದು ಬರುವುದು ತಪ್ಪಲ್ಲ, ಬ್ಯಾಟರಿ ಉಳಿಸಲು ಹಾಗೆ ಇರುತ್ತದೆ. ‘ಸುಡೊ ಪ್ರೈಮ್-ಸೆಲೆಕ್ಟ್ ಆನ್-ಡಿಮಾಂಡ್’ ಹೆಚ್ಚಿನವರಿಗೆ ಸರಿ. ಪ್ರೊಜೆಕ್ಟರ್ ಅಥವಾ ಹೊರಗಿನ ಮಾನಿಟರ್ ಮಾತ್ರ ಕಪ್ಪಾಗಿದ್ದರೆ, ಹಲವು ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಕಿಂಡಿ ನೇರ ಎನ್ವಿಡಿಯಾಕ್ಕೇ ಜೋಡಿಸಿರುತ್ತದೆ ಎಂಬುದು ನೆನಪಿರಲಿ. ಎನ್ವಿಡಿಯಾ ಮಾಡ್ಯೂಲ್ ಲೋಡ್ ಆಗದಿದ್ದರೆ ಒಳಗಿನ ಪರದೆ ಚೆನ್ನಾಗಿದ್ದು ಹೊರಗಿನದು ಸಾಯುತ್ತದೆ.

ಪರದೆ ಕಪ್ಪಾದರೆ

ಪವರ್ ಬಟನ್ ಒತ್ತಿ ಹಿಡಿಯುವ ಮೊದಲು ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಹಲವು ಬಾರಿ ಕೆಟ್ಟಿರುವುದು ಡೆಸ್ಕ್‌ಟಾಪ್ ಮಾತ್ರ, ಒಳಗೆ ಲಿನಕ್ಸ್ ಓಡುತ್ತಲೇ ಇರುತ್ತದೆ. ಅಕ್ಷರಗಳ ಲಾಗಿನ್ ಬಂದರೆ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ಡೆಸ್ಕ್‌ಟಾಪನ್ನು ಕನ್ನಡದಲ್ಲೋ ಮಲಯಾಳದಲ್ಲೋ ಇಟ್ಟುಕೊಂಡವರಿಗೆ ಇಲ್ಲಿ ಒಂದು ತೊಡಕಿದೆ. ಈ ಕನ್ಸೋಲಿಗೆ ನಮ್ಮ ಲಿಪಿಗಳನ್ನು ತೋರಿಸಲು ಬರುವುದಿಲ್ಲ, ಸಂದೇಶಗಳೆಲ್ಲ ಚೌಕ ಚೌಕವಾಗಿ ಕಾಣುತ್ತವೆ. ‘ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ’ ಎಂದು ಕೊಡಿ (ಎಲ್‌ಸಿ, ಆಲ್, ಸಿ ಮೂರೂ ದೊಡ್ಡಕ್ಷರ). ಅಲ್ಲಿಂದ ಮುಂದೆ ಎಲ್ಲ ಇಂಗ್ಲಿಷಿನಲ್ಲಿ ಓದಲು ಸಿಗುತ್ತದೆ.

ಕನ್ಸೋಲೂ ಬರದಿದ್ದರೆ ರೀಸ್ಟಾರ್ಟ್ ಮಾಡಿ. ಹಳೆಯ ಬಯಾಸ್ ಯಂತ್ರದಲ್ಲಿ ಶಿಫ್ಟ್ ಒತ್ತಿ ಹಿಡಿಯಿರಿ, ಯುಇಎಫ್‌ಐ ಯಂತ್ರದಲ್ಲಿ ಎಸ್ಕೇಪ್ ತಟ್ಟಿ. ಯಾವ ಕರ್ನಲಿನಲ್ಲಿ ಏಳಬೇಕೆಂದು ಆರಿಸುವ ಗ್ರಬ್ ಮೆನು ಬರುತ್ತದೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ, ಕಾಗದದಲ್ಲಿ ಬರೆದಿಟ್ಟ ಹಳೆಯ ಕರ್ನಲ್ ಆರಿಸಿ. ಅದರಲ್ಲಿ ಎದ್ದರೆ, ಹೊಸ ಕರ್ನಲಿಗೆ ಮಾಡ್ಯೂಲ್ ಬಿಲ್ಡ್ ಆಗಿಲ್ಲ ಎಂದು ತಿಳಿಯಿತು. ಅದರಲ್ಲೂ ಏಳದಿದ್ದರೆ ಮೆನುವಿನಲ್ಲಿ ಆ ಸಾಲಿನ ಮೇಲಿದ್ದು ‘ಇ’ ಒತ್ತಿ. ‘ಲಿನಕ್ಸ್’ ಪದದಿಂದ ಶುರುವಾಗುವ ಸಾಲಿನ ಕೊನೆಯಲ್ಲಿ, ‘ಕ್ವೈಟ್ ಸ್ಪ್ಲ್ಯಾಶ್’ ಆದಮೇಲೆ, ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಸೇರಿಸಿ, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಬೂಟಿಗೆ ಮಾತ್ರ. ಪರದೆ ಮಂದವಾಗಿ, ಕಡಿಮೆ ರೆಸೊಲ್ಯೂಷನ್ನಿನಲ್ಲಿ ಬರುತ್ತದೆ, ದುರಸ್ತಿಗೆ ಅಷ್ಟು ಸಾಕು. ಅದನ್ನು ಗ್ರಬ್ ಸಂರಚನೆಯಲ್ಲಿ ಶಾಶ್ವತವಾಗಿ ಬರೆದಿಡಬೇಡಿ. ಇಂಟೆಲ್, ಎಎಂಡಿ ಡ್ರೈವರುಗಳೂ ಅದರಿಂದ ನಿಂತುಹೋಗುತ್ತವೆ.

ಒಳಗೆ ಬಂದಮೇಲೆ ಕಾರಣ ನೋಡಿ. ‘ಜರ್ನಲ್‌ಸಿಟಿಎಲ್ -ಬಿ -1 -ಪಿ ಇಆರ್‌ಆರ್’ ಹಿಂದಿನ ಬೂಟಿನ ದೋಷಗಳನ್ನು ತೋರಿಸುತ್ತದೆ. ಕರ್ನಲಿಗೆ ತಕ್ಕ ಮಾಡ್ಯೂಲನ್ನು ಯಂತ್ರದಲ್ಲೇ ಬಿಲ್ಡ್ ಮಾಡುವುದು ಡಿಕೆಎಂಎಸ್. ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟಾಗ ನಿಮ್ಮ ಕರ್ನಲ್ ಸಂಖ್ಯೆಯ ಎದುರು ‘ಇನ್‌ಸ್ಟಾಲ್ಡ್’ ಇರಬೇಕು. ಬರೇ ‘ಆಡೆಡ್’ ಇದ್ದರೆ ಬಿಲ್ಡ್ ಸೋತಿದೆ. ಸೋಲಿಗೆ ಸಾಮಾನ್ಯ ಕಾರಣ ಆ ಕರ್ನಲಿನ ಹೆಡರ್ ಪ್ಯಾಕೇಜ್ ಇಲ್ಲದಿರುವುದು: ‘ಸುಡೊ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-’ ಎಂದು ಬರೆದು ಅದಕ್ಕೆ ತಾಗಿಸಿ ಕರ್ನಲ್ ಸಂಖ್ಯೆ ಕೊಡಿ. ಉಬುಂಟು 22.04ರಲ್ಲಿ ಇನ್ನೊಂದು ಕಾರಣ ಬಹಳ ಜನರನ್ನು ಕಾಡಿದೆ. ಅದರ ಸಹಜ ಕಂಪೈಲರ್ ಜಿಸಿಸಿ 11. ಆದರೆ ಎಚ್‌ಡಬ್ಲ್ಯುಇ (ಹೊಸ ಯಂತ್ರಾಂಶಕ್ಕಾಗಿ ಉಬುಂಟು ಕೊಡುವ ಹೊಸ ಕರ್ನಲ್ ಸರಣಿ) ಮೂಲಕ ಬಂದ 6.5, 6.8 ಕರ್ನಲ್‌ಗಳನ್ನು ಕಟ್ಟಿದ್ದು ಜಿಸಿಸಿ 12ರಲ್ಲಿ. ಜಿಸಿಸಿ-12 ಇಲ್ಲದೆ ಮಾಡ್ಯೂಲ್ ಬಿಲ್ಡ್ ಆಗುವುದಿಲ್ಲ. ‘ಸುಡೊ ಆಪ್ಟ್ ಇನ್‌ಸ್ಟಾಲ್ ಜಿಸಿಸಿ-12’ ಕೊಟ್ಟು, ನಂತರ ‘ಸುಡೊ ಡಿಕೆಎಂಎಸ್ ಆಟೋಇನ್‌ಸ್ಟಾಲ್’ ಮಾಡಿದರೆ ಸರಿಹೋಗುತ್ತದೆ. ಪೂರ್ತಿ ವಿವರ ಬೇಕಾದರೆ ‘/ವಾರ್/ಲಿಬ್/ಡಿಕೆಎಂಎಸ್/ಎನ್ವಿಡಿಯಾ’ ಫೋಲ್ಡರಿನೊಳಗೆ ‘ಮೇಕ್.ಲಾಗ್’ ಫೈಲು ಇದೆ, ಅದರ ಕೊನೆಯ ಇಪ್ಪತ್ತು ಸಾಲು ನೋಡಿ.

ಕರೆಂಟು ಹೋಗಿ ಅರ್ಧಕ್ಕೆ ನಿಂತದ್ದಾದರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಆಮೇಲೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಹೆಚ್ಚಿನ ಸಲ ಈ ಎರಡರಲ್ಲೇ ಮುಗಿಯುತ್ತದೆ. ‘ಲಾಕ್’ ಫೈಲಿನ ದೂರು ಬಂದರೆ ಹಿಂದೆ ಇನ್ನೊಂದು ಅಪ್‌ಡೇಟ್ ಓಡುತ್ತಿರಬಹುದು, ಹತ್ತು ನಿಮಿಷ ಕಾಯಿರಿ. ಲಾಕ್ ಫೈಲನ್ನು ಅಳಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ.

ಯಾವುದೂ ಫಲಿಸದಿದ್ದರೆ ಎನ್ವಿಡಿಯಾವನ್ನು ಪೂರ್ತಿ ತೆಗೆಯಿರಿ. ‘ಸುಡೊ ಆಪ್ಟ್ ಪರ್ಜ್’ ಎಂದು ಬರೆದು ಮುಂದೆ ಉದ್ಧರಣ ಚಿಹ್ನೆಯೊಳಗೆ ‘ಎನ್ವಿಡಿಯಾ-*’ ಮತ್ತು ‘ಲಿಬ್‌ಎನ್ವಿಡಿಯಾ-*’ ಕೊಡಿ. ಒಪ್ಪಿಗೆ ಕೊಡುವ ಮೊದಲು ಇಲ್ಲೂ ಪಟ್ಟಿ ಓದಿ. ರೀಬೂಟ್ ಆದಾಗ ನೂವೋ ತಾನಾಗಿ ಎದ್ದು ಪರದೆ ಕೊಡುತ್ತದೆ, ಅಲ್ಲಿಂದ ಸಾವಧಾನವಾಗಿ ಹಳೆಯ ಸರಣಿಯನ್ನು ಹಾಕಬಹುದು. ನೆಟ್ ಬೇಕಾದರೆ ಮೊಬೈಲನ್ನು ಕೇಬಲಿನಲ್ಲಿ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಹಾಕಿ. ಕನ್ಸೋಲಿನಲ್ಲಿ ವೈಫೈ ಜೋಡಿಸುವುದಕ್ಕಿಂತ ಇದು ಸುಲಭ. ಸ್ನ್ಯಾಪ್‌ಶಾಟಿಗೇ ಮರಳುವುದಾದರೆ ಕನ್ಸೋಲಿನಲ್ಲಿ ‘ಸುಡೊ ಟೈಮ್‌ಶಿಫ್ಟ್ --ರಿಸ್ಟೋರ್’ ಕೊಟ್ಟು ದಿನಾಂಕ ಆರಿಸಿ. ಯಂತ್ರ ಏಳುವುದೇ ಇಲ್ಲವೆಂದಾದರೆ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಟೈಮ್‌ಶಿಫ್ಟ್ ತೆರೆದು ಅದೇ ಕೆಲಸ ಮಾಡಬಹುದು.

ತಡೆದಿಡುವುದು, ಬಿಡುವುದು

ಒಂದು ಸರಣಿ ನಿಮ್ಮ ಯಂತ್ರಕ್ಕೆ ಹೊಂದದೆಂದು ಗೊತ್ತಾದರೆ, ಸರಿಯಿರುವುದನ್ನು ‘ಸುಡೊ ಆಪ್ಟ್-ಮಾರ್ಕ್ ಹೋಲ್ಡ್’ ಮೂಲಕ ಹೆಸರು ಕೊಟ್ಟು ತಡೆದಿಡಬಹುದು. ಆದರೆ ಡ್ರೈವರನ್ನು ತಡೆದು ಕರ್ನಲನ್ನು ಬಿಟ್ಟರೆ ಕೆಲವು ತಿಂಗಳಲ್ಲಿ ಎರಡೂ ಹೊಂದದೆ ಮತ್ತೆ ಕಪ್ಪು ಪರದೆ ಬರಬಹುದು. ತಡೆದದ್ದನ್ನು ‘ಆಪ್ಟ್-ಮಾರ್ಕ್ ಶೋಹೋಲ್ಡ್’ ತೋರಿಸುತ್ತದೆ, ‘ಅನ್‌ಹೋಲ್ಡ್’ ಬಿಡಿಸುತ್ತದೆ. ಹೊಸ ಮೆಸಾಕ್ಕಾಗಿ ಪಿಪಿಎ ಸೇರಿಸಿಕೊಂಡವರು ಉಬುಂಟುವಿನ ಮುಂದಿನ ಆವೃತ್ತಿಗೆ, ಉದಾಹರಣೆಗೆ 22.04ರಿಂದ 24.04ಕ್ಕೆ, ಹೋಗುವ ಮೊದಲು ‘ಪಿಪಿಎ-ಪರ್ಜ್’ ಹಾಕಿ ಅದರಿಂದ ಪಿಪಿಎ ತೆಗೆಯಬೇಕು. ಅದು ಪಟ್ಟಿಯಿಂದ ಹೆಸರು ಅಳಿಸುವುದಷ್ಟೇ ಅಲ್ಲ, ಪಿಪಿಎಯಿಂದ ಬಂದ ಪ್ಯಾಕೇಜುಗಳನ್ನು ಉಬುಂಟುವಿನದೇ ಆವೃತ್ತಿಗೆ ಇಳಿಸುತ್ತದೆ. ಹಾಗೆ ಇಳಿಸಿ, ಒಮ್ಮೆ ರೀಬೂಟ್ ಮಾಡಿ, ಜಿಎಲ್‌ಎಕ್ಸ್‌ಇನ್ಫೊದಲ್ಲಿ ರೆಂಡರರ್ ಸಾಲು ನೋಡಿಯೇ ಆವೃತ್ತಿ ಬದಲಾವಣೆಗೆ ಹೊರಡಿ.